ಹೊಗೆಯ ದಾರಿ

ಮೋಟಾರಿನ ಅಡಿಯಲ್ಲಿ ಇಂಜಿನಿನಿಂದ ಹಿಂಬದಿಯವರೆಗೆ ತೂಗಾಡುವ ಕಬ್ಬಿಣದ ಕೊಳವೆಯನ್ನೂ, ಅದರ ನಡುವೆ ಡೋಲಿನಂತೆ ಉಬ್ಬಿಕೊಂಡಿರುವ ಪೆಟ್ಟಿಗೆಯನ್ನೂ ಒಟ್ಟಾಗಿ ಸೇರಿಸಿ ನಮ್ಮ ಕಡೆಯ ಜನರು ಸೈಲೆನ್ಸರು ಎಂದೇ ಕರೆಯುವರು. ಹೆಸರು ಸದ್ದಿಗೆ ಸಂಬಂಧಪಟ್ಟುದು. ಆದಕಾರಣ ಅದು ಕೆಟ್ಟರೆ ಕಿವಿಗೆ ಮಾತ್ರ ತೊಂದರೆಯೆಂದೂ, ಕಿವಿ ಒಗ್ಗಿಕೊಂಡರೆ ತೊಂದರೆ ತೀರಿತೆಂದೂ ತಿಳಿಯುವುದು ಸಹಜವಾಗಿದೆ. ನಾನೂ ಹಾಗೆಯೇ ತಿಳಿದಿದ್ದೆನು. ಕಳೆದ ಕಾರ್ತಿಕದಲ್ಲಿ ಈ ತಿಳಿವಳಿಕೆಗೆ ಬೆಲೆ ತೆರಬೇಕಾಗಿ ಬಂದಿತು. ಮೊದಲು ತೆತ್ತವನು ನಾನಲ್ಲ, ಬೇರೊಬ್ಬರ ಮನೆಯ ಮಗು.

ತೊಗರ್ಸಿಯಲ್ಲಿ ನಮ್ಮದು ಹಲವು ತಲೆಮಾರುಗಳಿಂದ ಬೇಸಾಯದ ಮನೆ. ಈ ಊರು ಶಿಕಾರಿಪುರದ ತಾಲ್ಲೂಕಿಗೆ ಸೇರಿದ್ದು. ಸೊರಬದ ಸೀಮೆಗೂ ಹತ್ತಿರ. ಮಲೆನಾಡು ಮುಗಿದು ಬಯಲು ತೊಡಗುವ ಅಂಚಿನಲ್ಲಿರುವುದರಿಂದ ನಮಗೆ ಗದ್ದೆಯೂ ಉಂಟು, ಹೊಲವೂ ಉಂಟು. ಭತ್ತ, ಗೋವಿನಜೋಳ, ಶುಂಠಿ, ಈಚೆಗೆ ಕೊಳವೆಬಾವಿಯನ್ನು ನೆಚ್ಚಿಕೊಂಡು ಅಡಿಕೆ. ತಂದೆಯವರ ಕಾಲದಲ್ಲಿ ಬೆಳೆಯೆಲ್ಲವೂ ಎತ್ತಿನ ಗಾಡಿಯ ಮೇಲೆ ಶಿರಾಳಕೊಪ್ಪದ ಪೇಟೆಗೆ ಹೋಗುತ್ತಿತ್ತು. ಟಾಟಾ ಸಂಸ್ಥೆಯವರು 1988ರಲ್ಲಿ ಟಾಟಾಮೊಬೈಲ್ ಎಂಬ ವಾಹನವನ್ನು ಹೊರತಂದ ಮೇಲೆ ಪಿಕಪ್ಪು ಎಂಬ ಜಾತಿಯ ಗಾಡಿ ಒಂದೊಂದಾಗಿ ಹಳ್ಳಿಗಳನ್ನು ಹೊಕ್ಕಿತು. ನಮ್ಮದು 2011ರಲ್ಲಿ ಕೊಂಡದ್ದು. ಯಾವ ಕಾರಖಾನೆಯದೆಂದು ಹೇಳುವುದು ಬೇಡ. ಇಷ್ಟು ವರ್ಷ ದುಡಿದ ಪ್ರಾಣಿಯ ಮುಪ್ಪಿಗೆ ಅದನ್ನು ಹೆತ್ತವರನ್ನು ದೂರುವುದು ನ್ಯಾಯವಲ್ಲ.

ಕಾರ್ತಿಕದಲ್ಲಿ ಗೋವಿನಜೋಳದ ತೆನೆ ಮುರಿಯುವ ಕೆಲಸ ನಡೆದಿತ್ತು. ಆಗಲೇ ಪಿಕಪ್ಪಿನ ದನಿ ಒಡೆಯಿತು. ಮೊದಲು ನೆಗಡಿಯಾದವರ ಹಾಗೆ ಗೊರಗೊರ, ವಾರದೊಳಗೆ ಗರ್ಜನೆ. ನಮ್ಮ ಮನೆಯವರಿಗೆ ಇದರಿಂದ ಅನುಕೂಲವೇ ಆಯಿತು. ಗಾಡಿ ಮಲ್ಲಿಕಾರ್ಜುನ ದೇವಾಲಯದ ಕಡೆಯಿಂದ ತಿರುಗುವಾಗಲೇ ಸದ್ದು ಕೇಳಿ ಚಹಕ್ಕೆ ನೀರಿಡುತ್ತಿದ್ದರು. ಮಗನಿಗೆ ಸಂತೋಷವೇ ಆಗಿದ್ದಿತು. "ಈಗ ಗಾಡಿಗೆ ಒಂದು ಗತ್ತು ಬಂತು, ಅಪ್ಪಾಜಿ" ಎಂದನು. ಸುಗ್ಗಿ ಮುಗಿದ ಮೇಲೆ ನೋಡಿದರಾಯಿತೆಂದು ನಾನು ಸುಮ್ಮನಾದೆನು. ಸುಗ್ಗಿಯ ದಿನಗಳಲ್ಲಿ ಎತ್ತಿಗೆ ಹೆಗಲು ಹುಣ್ಣಾದರೂ ಹಾಗೆಯೇ ಸುಮ್ಮನಾಗುತ್ತಿದ್ದೆವಲ್ಲವೆ?

ಹೊಲಕ್ಕೆ ಬರುವ ಹೆಣ್ಣಾಳುಗಳನ್ನು ಸಂಜೆ ಪಿಕಪ್ಪಿನ ಹಿಂದಿನ ಬಾಡಿಯಲ್ಲಿ ಕೂರಿಸಿಕೊಂಡು ಅವರವರ ಮನೆಯ ಹತ್ತಿರ ಇಳಿಸುವುದು ನಮ್ಮಲ್ಲಿ ರೂಢಿ. ಸರಕಿನ ಗಾಡಿಯಲ್ಲಿ ಜನರನ್ನು ಕೂರಿಸುವುದು ಕಾಯಿದೆಗೆ ವಿರುದ್ಧವಾದುದು; ತಿಳಿಯದೆ ಮಾಡಿದೆನೆಂದು ಹೇಳಲಾರೆನು. ಆ ದಿನ ತುಂತುರು ಮಳೆ ಹಿಡಿದಿತ್ತು. ನೆನೆಯಬಾರದೆಂದು ಬಾಡಿಯ ಮೇಲೆ ತಾಡಪಾಲು ಎಳೆದು ಕಟ್ಟಿಸಿದೆನು. ಉಪಕಾರವೆಂದೇ ನನ್ನ ಎಣಿಕೆ. ಇಳಿಸುವ ಹೊತ್ತಿಗೆ ಒಬ್ಬ ಹಿರಿಯಾಕೆಯ ಮೊಮ್ಮಗಳು, ಆರು ವರ್ಷದ ಹುಡುಗಿ, ವಾಂತಿ ಮಾಡಿಕೊಂಡು ಅಜ್ಜಿಯ ಮಡಿಲಿನಲ್ಲಿ ಬಾಡಿದ ಸೊಪ್ಪಿನಂತೆ ಮಲಗಿದ್ದಿತು. ಕರೆದರೆ ಕಣ್ಣು ತೆರೆಯುವುದು, ಮತ್ತೆ ಮುಚ್ಚುವುದು. ಅದೇ ಗಾಡಿಯಲ್ಲಿ, ಈ ಸಲ ಮುಂದೆ ನನ್ನ ಪಕ್ಕದಲ್ಲಿ ಕೂರಿಸಿಕೊಂಡು, ಆಸ್ಪತ್ರೆಗೆ ಕರೆದೊಯ್ದೆವು.

ವೈದ್ಯರು ಏನು ತಿಂದಿತು, ಎಲ್ಲಿ ಆಡಿತು ಎಂದು ವಿಚಾರಿಸಿ, ಕೊನೆಗೆ ಯಾವ ಗಾಡಿಯಲ್ಲಿ ಬಂದಿರಿ ಎಂದು ಕೇಳಿದರು. ಆ ಪ್ರಶ್ನೆಯೇ ನನಗೆ ವಿಚಿತ್ರವಾಗಿ ತೋರಿತು. ಬಾಗಿಲಲ್ಲಿ ನಿಂತಿದ್ದ ಪಿಕಪ್ಪನ್ನೂ ಅದರ ಮೇಲಿನ ತಾಡಪಾಲನ್ನೂ ಅವರಿಗೆ ತೋರಿಸಿದೆನು. ಅವರು ಹೆಚ್ಚಿಗೆ ಮಾತನಾಡಲಿಲ್ಲ. ಹೊಗೆ ಒಳಗೆ ಬರುತ್ತದೆಯೋ ನೋಡಿಸಿ ಎಂದಷ್ಟೇ ಹೇಳಿ ಮಗುವಿಗೆ ಆಮ್ಲಜನಕದ ಮುಖವಾಡ ಹಾಕಿಸಿದರು. ರಾತ್ರಿ ಹತ್ತು ಗಂಟೆಗೆ ಮಗು ಎದ್ದು ಕುಳಿತು ಬಿಸ್ಕತ್ತು ಕೇಳಿತು. ಹಿಂದಿರುಗುವಾಗ ಅಜ್ಜಿಯನ್ನು, ಮೊದಲು ನಿಮಗೆ ಯಾರಿಗೂ ಏನೂ ಆಗಿರಲಿಲ್ಲವೆ ಎಂದು ಕೇಳಿದೆನು. ಆಕೆ ಹೇಳಿದ ಮಾತು ಇದು: "ವಾರದಿಂದ ತಲೆ ತಿರುಗ್ತಿತ್ತು ಗೌಡ್ರೆ. ಹೇಳಿದ್ರೆ ನಾಳಿಂದ ನಡ್ಕೊಂಡು ಬರ್ರಿ ಅಂತೀರೇನೋ ಅಂತ ಸುಮ್ನಿದ್ವಿ."

ನಮ್ಮ ಹಳೆಯ ಮನೆಯ ಅಡಿಗೆಯ ಕೋಣೆ ಆ ರಾತ್ರಿ ನನ್ನ ನೆನಪಿಗೆ ಬಂದಿತು. ಅದಕ್ಕೆ ಹೊಗೆಗೂಡು ಇರಲಿಲ್ಲ. ಒಲೆಯ ಮೇಲಣ ಬೆಳಕಿಂಡಿಯಿಂದ ಹೋದಷ್ಟು ಹೊಗೆ ಹೋಗುವುದು, ಉಳಿದದ್ದು ಅಜ್ಜಿಯ ಕಣ್ಣಿಗೂ ಎದೆಗೂ. ಮನೆಯನ್ನು ಕಟ್ಟಿಸಿದ ನಮ್ಮ ಅಜ್ಜನವರು ಪಡಸಾಲೆಯ ಕಂಬಗಳಿಗೆ ಕುಸುರಿ ಕೆಲಸ ಮಾಡಿಸಲು ಸೊರಬದ ಗುಡಿಗಾರರನ್ನು ಕರೆಸಿದ್ದರೆಂದು ಮನೆಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದರು. ಅಡಿಗೆಯ ಮನೆಗೊಂದು ಹೊಗೆಗೂಡು ಬೇಕೆಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ. ಅವರು ಕರುಣೆಯಿಲ್ಲದವರಲ್ಲ, ಒಲೆಯ ಮುಂದೆ ಎಂದೂ ಕುಳಿತವರಲ್ಲ, ಅಷ್ಟೆ. ನಾನೂ ಈ ಹದಿನಾಲ್ಕು ವರ್ಷಗಳಲ್ಲಿ ನನ್ನ ಪಿಕಪ್ಪಿನ ಹಿಂಬದಿಯಲ್ಲಿ ಒಂದು ಮೈಲಿಯಾದರೂ ಕುಳಿತು ಪ್ರಯಾಣ ಮಾಡಿದವನಲ್ಲ.

ಮರುದಿನ ಶಿರಾಳಕೊಪ್ಪದಲ್ಲಿ ನಮ್ಮ ಮಿಸ್ತ್ರಿಯ ಬಳಿಗೆ ಹೋದೆವು. ವಯಸ್ಸಾದ ಸಾಹೇಬರು; ರೋಗಿಯ ನಾಡಿ ಹಿಡಿಯುವ ಗಾಂಭೀರ್ಯದಿಂದ ಕೆಲಸ ಮಾಡುವವರು. ಇಂಜಿನು ತಣ್ಣಗಿರುವಾಗಲೇ ಚಾಲೂ ಮಾಡಿಸಿ, ಕೊಳವೆಯ ತುದಿಗೆ ಒದ್ದೆಯ ಬಟ್ಟೆಯನ್ನು ಅರೆಗಳಿಗೆ ಒತ್ತಿ ಹಿಡಿಯಲು ಮಗನಿಗೆ ಹೇಳಿದರು. ತುದಿಯಿಂದ ಹೋಗಲಾರದ ಹೊಗೆ ಬುಸ್ಸೆಂದು ಮೂರು ಕಡೆ ಹೊರಬಿದ್ದಿತು. ಒಂದು ಇಂಜಿನಿಗೆ ಕೊಳವೆ ಸೇರುವ ಗ್ಯಾಸ್ಕೆಟ್ಟಿನಲ್ಲಿ. ಅಲ್ಲಿ ಮಸಿಯ ಕರಿಯ ಗೆರೆಯೇ ಮೂಡಿತ್ತು. ಇನ್ನೊಂದು ಪೆಟ್ಟಿಗೆಯ ಹೊಟ್ಟೆಯಲ್ಲಿ. ಮೂರನೆಯದು ಹಿಂದಿನ ಅಚ್ಚಿನ ಮೇಲೆ ಕೊಳವೆ ಬಾಗುವ ಕಡೆ, ಸರಿಯಾಗಿ ಬಾಡಿಯ ತಗಡು ತುಕ್ಕು ಹಿಡಿದು ತೂತಾಗಿದ್ದ ಸ್ಥಳದ ಕೆಳಗೆ. ಮಗು ಕುಳಿತಿದ್ದುದು ಅಲ್ಲಿಯೇ. ಆ ಮೇಲೆ ಅವರು ಸ್ಕ್ರೂಡ್ರೈವರಿನ ಹಿಡಿಯಿಂದ ಕೊಳವೆಯನ್ನು ಉದ್ದಕ್ಕೂ ತಟ್ಟಿ ನೋಡಿದರು, ಸಂತೆಯಲ್ಲಿ ಮಡಕೆ ಕೊಳ್ಳುವವರು ತಟ್ಟಿ ನೋಡುವ ಹಾಗೆ. ಗಟ್ಟಿಯಾದ ಕಡೆ ಗಂಟೆಯ ನಾದ, ಸತ್ತ ಕಡೆ ಬರಿಯ ಡಬಡಬ. ಡಬಡಬವೇ ಹೆಚ್ಚಾಗಿ ಕೇಳಿತು.

ತುಕ್ಕು ಹೊರಗಿನ ಮಳೆಯಿಂದ ಬಂದುದೆಂದು ನಾನು ತಿಳಿದಿದ್ದೆನು. ಬಹುಪಾಲು ಒಳಗಿನಿಂದಲೇ ಬಂದುದೆಂದು ಸಾಹೇಬರು ಹೇಳಿದರು. ಒಂದು ಲೀಟರು ಡೀಸೆಲ್ ಉರಿದರೆ ಸುಮಾರು ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತದೆ. ದೂರದ ಪ್ರಯಾಣದಲ್ಲಿ ಕೊಳವೆ ಚೆನ್ನಾಗಿ ಕಾದು ಆ ಆವಿ ಹೊರಟುಹೋಗುವುದು. ನಮ್ಮ ಗಾಡಿಯ ಹಾಗೆ ಹೊಲದಿಂದ ಮನೆಗೆ, ಮನೆಯಿಂದ ಪೇಟೆಗೆ ಗಿಡ್ಡ ಗಿಡ್ಡ ಓಡಾಟವಾದರೆ ಕೊಳವೆ ಕಾಯುವುದಿಲ್ಲ. ಆವಿ ನೀರಾಗಿ ಪೆಟ್ಟಿಗೆಯ ತಳದಲ್ಲಿ ನಿಲ್ಲುತ್ತದೆ. ಡೀಸೆಲಿನ ಗಂಧಕವೂ ಅದರಲ್ಲಿ ಬೆರೆತು ಹುಳಿಯಾಗುತ್ತದೆ. ನಮ್ಮ ಗಾಡಿ ಹೊಸದಾಗಿದ್ದಾಗ ಈ ಕಡೆ ಸಿಗುತ್ತಿದ್ದ ಡೀಸೆಲಿನಲ್ಲಿ ಹತ್ತು ಲಕ್ಷಕ್ಕೆ 350 ಭಾಗದವರೆಗೆ ಗಂಧಕವಿರಲು ಅವಕಾಶವಿತ್ತು. 2020ರ ಏಪ್ರಿಲಿನಿಂದ ಅದು 10 ಭಾಗಕ್ಕೆ ಇಳಿದಿದೆ. ಹೊಸ ಕೊಳವೆಗೆ ಹಳೆಯದರಷ್ಟು ಕಷ್ಟವಿಲ್ಲವೆಂಬುದು ಒಂದು ಸಮಾಧಾನ.

ಇನ್ನೂ ಒಂದು ಸಂಗತಿ ಆಗ ಹೊರಬಿದ್ದಿತು, ಹೇಳಲು ನಾಚಿಕೆಯಾಗುತ್ತದೆ. ಕೊಳವೆಯ ಮುಂಭಾಗದಲ್ಲಿ ಕ್ಯಾಟಲಿಟಿಕ್ ಕನ್ವರ್ಟರು ಎಂಬ ಸಣ್ಣ ಡಬ್ಬಿಯೊಂದು ಇದ್ದಿತು. ಅದರೊಳಗೆ ಜೇನುಗೂಡಿನಂತಹ ಕಣ್ಣುಗಳುಳ್ಳ ಪಿಂಗಾಣಿಯ ತುಂಡು, ಅದಕ್ಕೆ ಪ್ಲಾಟಿನಂ ಜಾತಿಯ ಲೋಹದ ತೆಳುವಾದ ಲೇಪ. ಅರೆಬರೆಯಾಗಿ ಉರಿದ ಅನಿಲವು ಅದರ ಮೂಲಕ ಹಾಯುವಾಗ ಪೂರ್ತಿ ಉರಿದು ಅದರ ವಿಷ ತಗ್ಗುವುದು. ಆರು ವರ್ಷಗಳ ಕೆಳಗೆ ಬೇರೆ ಊರಿನಲ್ಲಿ ಒಬ್ಬ ರಿಪೇರಿಯವನು, ಇದು ಇಂಜಿನಿನ ಉಸಿರು ಕಟ್ಟುತ್ತದೆ, ತೆಗೆದರೆ ಲೀಟರಿಗೆ ಒಂದು ಕಿಲೋಮೀಟರು ಹೆಚ್ಚು ಓಡೀತು ಎಂದು ಹೇಳಿದಾಗ, ಒಳಗಿನ ಗೂಡನ್ನು ಒಡೆದು ತೆಗೆಯಲು ಒಪ್ಪಿದವನು ನಾನೇ. ಡಬ್ಬಿ ಹೊರಗಿನಿಂದ ಹಾಗೆಯೇ ಇದ್ದುದರಿಂದ ಮರೆತೂ ಹೋಗಿದ್ದೆನು. ಡೀಸೆಲಿನ ಹೊಗೆಯಲ್ಲಿ ಪೆಟ್ರೋಲಿನದಕ್ಕಿಂತ ಇಂಗಾಲದ ಮಾನಾಕ್ಸೈಡು ಕಡಮೆಯೆಂಬುದು ನಿಜ, ಕಡಮೆಯೆಂದರೆ ಇಲ್ಲವೆಂದಲ್ಲ. ತಾಡಪಾಲಿನ ಕೆಳಗೆ ಮುಚ್ಚಿದ ಗಾಳಿಯಲ್ಲಿ ಅರ್ಧ ಗಂಟೆ ಕುಳಿತವರಿಗೆ ಈ ವ್ಯತ್ಯಾಸದಿಂದ ಏನು ಲಾಭ? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ವಿಭಾಗದವರು 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವುದೆಂದು ನಿಶ್ಚಯವಾದ ವಸ್ತುಗಳ ಸಾಲಿಗೆ ಸೇರಿಸಿದುದನ್ನು ನಾನು ಪತ್ರಿಕೆಯಲ್ಲಿ ಓದಿದ್ದೆನು; ಓದಿ, ಪಟ್ಟಣದವರ ಪಾಡೆಂದು ಪುಟ ತಿರುಗಿಸಿದ್ದೆನು.

ವರ್ಷ ವರ್ಷವೂ ಹೊಗೆಯ ತಪಾಸಣೆಯ ಪತ್ರವನ್ನು ನಾವು ಪಡೆಯುತ್ತಿರಲಿಲ್ಲವೆ ಎಂದು ವಾಚಕರು ಕೇಳಬಹುದು. ಪಡೆಯುತ್ತಿದ್ದೆವು. ನಮ್ಮಂತಹ ಹಳೆಯ ಡೀಸೆಲ್ ಗಾಡಿಗೆ ಹೊಗೆಯ ಸಾಂದ್ರತೆ 65 ಹಾರ್ಟ್‌ರಿಡ್ಜ್ ಮಾನವನ್ನು ಮೀರಬಾರದೆಂದು ನಿಯಮ, ನಮ್ಮದು ಮೀರಿರಲಿಲ್ಲ. ಆದರೆ ಆ ಯಂತ್ರವು ಕೊಳವೆಯ ತುದಿಗೆ ಬಂದ ಹೊಗೆಯನ್ನು ಅಳೆಯುವುದೇ ಹೊರತು, ನಡುದಾರಿಯಲ್ಲಿ ತಪ್ಪಿಸಿಕೊಂಡು ಮೇಲೆ ಕುಳಿತವರ ಮೂಗಿಗೆ ಹೋದುದನ್ನು ಅಳೆಯಲಾರದು.

ಇನ್ನು ಹೊಸ ಕೊಳವೆಯನ್ನು ಆರಿಸುವ ಕೆಲಸ. ನಮ್ಮ ತಂದೆಯವರು ಎತ್ತು ಕೊಳ್ಳಲು ಹೋದರೆ ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ, ಮೂರು ಸಂತೆ ತಿರುಗಿ ಕೊಳ್ಳುವರು. ನನಗೆ ಕೊಳವೆಯ ಸುಳಿ ನೋಡುವ ವಿದ್ಯೆ ತಿಳಿಯದು. ಸಾಹೇಬರು ದಾರಿಗಳನ್ನು ಹೇಳಿದರು. ತೇಪೆಯ ಬೆಸುಗೆ ಹಾಕಬಹುದು; ಆದರೆ ತುಕ್ಕು ತಿಂದ ತಗಡಿಗೆ ಬೆಸುಗೆಯ ಬೆಂಕಿ ತಗುಲಿದರೆ ತೂತು ಇನ್ನಷ್ಟು ಅಗಲವಾಗುವುದು. ಗುಜರಿಯಲ್ಲಿ ಬಿದ್ದ ಗಾಡಿಯದನ್ನು ತರಬಹುದು. ಅದೂ ಇದೇ ವಯಸ್ಸಿನದು, ಇದೇ ರೋಗದ್ದು. ಸಾಧಾರಣ ಕಬ್ಬಿಣದ ತಗಡಿನಲ್ಲಿ ಹೊಸದಾಗಿ ಮಾಡಿದ ಪೆಟ್ಟಿಗೆ ಮತ್ತು ಕೊಳವೆ 2,800 ರೂಪಾಯಿಗೆ ಸಿಗುವುದು. ನಮ್ಮ ಓಡಾಟಕ್ಕೆ ಮೂರು ಮಳೆಗಾಲ ಬಂದರೆ ಹೆಚ್ಚು. ಮುಂದಿನ ಡಬ್ಬಿಯೂ ಸೇರಿ ಕಾರಖಾನೆಯ ಪೂರ್ತಿ ಜೋಡಣೆಗೆ ಇಪ್ಪತ್ತು ಸಾವಿರ ರೂಪಾಯಿಗೆ ಕಡಮೆಯಾಗದು. ಈ ಮೊಬಲಗನ್ನು ಕೇಳಿ ನಾನು ಒಂದು ಕ್ಷಣ 2,800ರ ಕಡೆಗೆ ವಾಲಿದೆನೆಂಬುದನ್ನು ಮುಚ್ಚಿಡುವುದಿಲ್ಲ.

ಮಗನಿಗೆ ಬೇರೆಯೇ ಆಸೆ. ಪೆಟ್ಟಿಗೆಯೇ ಇಲ್ಲದ ನೇರ ಕೊಳವೆಯನ್ನು ಹಾಕಿಸಬೇಕು. ಹೊಗೆ ಸಲೀಸಾಗಿ ಹೋಗುವುದು, ಇಂಜಿನಿಗೆ ಬಲ ಬರುವುದು, ಖರ್ಚೂ ಕಡಮೆ. ಅವನ ಮಾತು ಪೂರ್ತಿ ಸುಳ್ಳಲ್ಲ. ನಾಲ್ಕು ಸಿಲಿಂಡರುಗಳ ಇಂಜಿನು ನಿಮಿಷಕ್ಕೆ 2000 ಸುತ್ತು ತಿರುಗುವಾಗ ಅದೇ ನಿಮಿಷದಲ್ಲಿ 4000 ಸಲ ಹೊಗೆಯನ್ನು ಉಗುಳುತ್ತದೆ. ಪೆಟ್ಟಿಗೆಯ ಒಳಗೆ ತೂತು ಕೊರೆದ ಕೊಳವೆಗಳೂ ಅಡ್ಡಗೋಡೆಗಳೂ ಇರುವುವು. ಪ್ರತಿಯೊಂದು ಉಗುಳಿನ ಅಲೆಯೂ ಅಲ್ಲಿ ಹರಡಿ, ಗೋಡೆಗೆ ಬಡಿದು ಹಿಂದಿರುಗಿ, ಮುಂದೆ ಬರುವ ಅಲೆಯೊಡನೆ ಕಾದಾಡಿ ಅಡಗುತ್ತದೆ. ಈ ಕಾದಾಟದಲ್ಲಿ ಹೊಗೆ ಸ್ವಲ್ಪ ತಡೆಯುವುದು ನಿಜ, ಇಂಜಿನಿನ ಬಲ ಎಳ್ಳಷ್ಟು ಕುಂದುವುದೂ ನಿಜ. ಆದರೆ ಗೋವಿನಜೋಳದ ಚೀಲ ಹೊರುವ ಗಾಡಿಗೆ ಆ ಎಳ್ಳಿನಿಂದ ಆಗಬೇಕಾದುದೇನು ಎಂದು ಸಾಹೇಬರು ಕೇಳಿದರು. ಅದಲ್ಲದೆ ಸದ್ದಡಗಿಸುವ ಸಾಧನ ಗಾಡಿಗೆ ಇರಲೇಬೇಕೆಂದು 1989ರ ಮೋಟಾರು ವಾಹನಗಳ ನಿಯಮಾವಳಿ ವಿಧಿಸುತ್ತದೆ. ಸದ್ದು ಮತ್ತು ಹೊಗೆಯ ನಿಯಮಗಳನ್ನು ಮೀರಿದವರಿಗೆ 2019ರ ತಿದ್ದುಪಡಿಯ ಮೇಲೆ 10,000 ರೂಪಾಯಿಯವರೆಗೆ ದಂಡವುಂಟು.

ದಂಡದ ಮಾತಿಗೆ ಮಗನು ಬಗ್ಗಲಿಲ್ಲ. ದಾರಿಯಲ್ಲಿ ನಾನು ಅವನಿಗೆ ಮ್ಯಾಕ್ಸಿಮ್ ಎಂಬವರ ಕಥೆಯನ್ನು ಹೇಳಿದೆನು. ಹೈರಂ ಮ್ಯಾಕ್ಸಿಮ್ ಎಂಬಾತನು 1884ರಲ್ಲಿ ತಾನೇ ತಾನಾಗಿ ಗುಂಡು ಸುರಿಸುವ ಬಂದೂಕನ್ನು ನಿರ್ಮಿಸಿದನು. ಅದರ ಸದ್ದನ್ನು ಕೇಳಿ ಕೇಳಿ ಕೊನೆಗಾಲದಲ್ಲಿ ಅವನು ಕಿವುಡನಾದನು. ಅವನ ಮಗ ಹೈರಂ ಪರ್ಸಿ ಮ್ಯಾಕ್ಸಿಮ್ 1909ರಲ್ಲಿ ಬಂದೂಕಿನ ಸದ್ದನ್ನು ಅಡಗಿಸುವ ಸಾಧನಕ್ಕೆ ಪೇಟೆಂಟು ಪಡೆದನು. ಮೋಟಾರಿನ ಹೊಗೆಯ ಸದ್ದನ್ನು ಅಡಗಿಸುವ ಕೆಲಸದಲ್ಲಿಯೂ ಅವನ ಕೈ ಇದ್ದಿತು. ಅಪ್ಪನು ಎಬ್ಬಿಸಿದ ಸದ್ದನ್ನು ಮಗನು ಅಡಗಿಸಿದನೆಂದು ನಾನು ಹೇಳಿದರೆ ನಮ್ಮವನು, "ನಮ್ಮಲ್ಲಿ ಉಲ್ಟಾ ಆಯ್ತಲ್ಲ ಅಪ್ಪಾಜಿ" ಎಂದು ನಕ್ಕನು. ನಕ್ಕ ಮೇಲೆ ನೇರ ಕೊಳವೆಯ ಮಾತನ್ನು ಬಿಟ್ಟನು. ಕಥೆಗೆ ಸೋತನೆಂದು ನಾನು ಬೀಗುವುದಿಲ್ಲ. ಆಸ್ಪತ್ರೆಯಲ್ಲಿ ಆ ಮಗುವನ್ನು ಎತ್ತಿಕೊಂಡು ಒಳಗೆ ಹೋದವನು ಅವನೇ.

ಶಿವಮೊಗ್ಗೆಗೆ ಹೋಗಿ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಒಂದು ದಿನವೆಲ್ಲ ತಿರುಗಿದೆವು. ಅಲ್ಲಿ ಒಬ್ಬ ಅಂಗಡಿಯವನು ತುಕ್ಕು ಹಿಡಿಯದ ಉಕ್ಕಿನದೆಂದು ಒಂದು ಪೆಟ್ಟಿಗೆಯನ್ನು ತೋರಿಸಿದನು. ಮಗನು ಜೇಬಿನಿಂದ ಅಯಸ್ಕಾಂತವನ್ನು ತೆಗೆದು ಇಟ್ಟನು. ಅದು ಗಪ್ಪನೆ ಅಂಟಿಕೊಂಡಿತು. ನಮ್ಮ ಮನೆಯ ಸ್ಟೀಲು ತಟ್ಟೆಗಳಿಗೆ ಅಯಸ್ಕಾಂತ ಅಂಟುವುದಿಲ್ಲವಷ್ಟೆ. ಮೋಸ ಸಿಕ್ಕಿತೆಂದು ಅವನ ಮುಖ ಅರಳಿತು. ಅಂಗಡಿಯವನು ಸಿಟ್ಟಾಗದೆ ತಿಳಿಸಿ ಹೇಳಿದನು. ಈ ಉಕ್ಕಿನಲ್ಲಿ ಎರಡು ಬಗೆ. 304 ಎಂಬುದರಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲು. ಇದಕ್ಕೆ ಅಯಸ್ಕಾಂತ ಅಂಟದು. 409 ಎಂಬುದರಲ್ಲಿ ಕ್ರೋಮಿಯಂ ಸುಮಾರು 11 ಪಾಲು ಮಾತ್ರ, ನಿಕ್ಕಲು ಇಲ್ಲವೆಂದೇ ಹೇಳಬೇಕು, ಇದಕ್ಕೆ ಅಂಟುವುದು. ನೋಡಲು ಅಷ್ಟು ಚೆಲುವಲ್ಲ, ಮೇಲೆ ಕಂದು ಬಣ್ಣವೂ ಬರುವುದು, ಆದರೆ ಬಿಸಿಗೆ ಕಡಮೆ ಹಿಗ್ಗುವುದು, ಬೆಲೆಯೂ ಕಡಮೆ. ಕಾರಖಾನೆಗಳವರು ಹೊಗೆಯ ಕೊಳವೆಗೆ ಬಳಸುವುದು ಹೆಚ್ಚಾಗಿ ಇದನ್ನೇ. ಅಯಸ್ಕಾಂತವೊಂದನ್ನೇ ನಂಬಿ ಸರಕಿನ ಜಾತಿ ಕಟ್ಟಬಾರದೆಂದು ನಾವಿಬ್ಬರೂ ಕಲಿತೆವು.

ಎಲ್ಲವನ್ನೂ ಕೂಡಿಸಿ ಕಳೆದು, ಮುಂದಿನ ಡಬ್ಬಿಯನ್ನು ಕಾರಖಾನೆಯದನ್ನೇ ಕೊಂಡೆವು. ಇದರಲ್ಲಿ ಮಾತ್ರ ಅಗ್ಗದ್ದನ್ನು ನೋಡಲೇ ಇಲ್ಲ, ಒಡೆಸಿದವನೇ ಕಟ್ಟಿಸಬೇಕಷ್ಟೆ. ನಡುವಣ ಪೆಟ್ಟಿಗೆ 409ರದು. ಹಿಂದಿನ ಬಾಲದ ಕೊಳವೆಯನ್ನು 304ರಲ್ಲಿ ಅಳತೆ ಕೊಟ್ಟು ಬಾಗಿಸಿದೆವು. ಅದು ಕೊಂಚ ದುಬಾರಿಯಾದರೂ ಕೆಸರು ಸಿಡಿಯುವುದು ಅಲ್ಲಿಯೇ. ದಪ್ಪವನ್ನು ಹಳೆಯದರಷ್ಟೇ ಇಟ್ಟೆವು. ಹೊಸ ಗ್ಯಾಸ್ಕೆಟ್ಟು, ತೂಗುಹಾಕುವ ರಬ್ಬರುಗಳು ಸೇರಿ 19,400 ರೂಪಾಯಿ. ಬಾಡಿಯ ತಗಡಿನ ತೂತುಗಳನ್ನು ಮುಚ್ಚಿಸಿದುದು ಬೇರೆ.

ಕೊಳವೆಯ ತುದಿ ಎಲ್ಲಿ ಕೊನೆಗಾಣಬೇಕೆಂಬುದಕ್ಕೇ ಹೆಚ್ಚು ಚರ್ಚೆಯಾಯಿತು. ಹೊಗೆಯನ್ನು ಎಡಗಡೆಗೆ ಬಿಡಬಾರದು, ಬಲಗಡೆಗೆ ಅಥವಾ ಹಿಂದಕ್ಕೆ ಬಿಡಬೇಕೆಂಬುದು ನಿಯಮ. ರಸ್ತೆಯ ಎಡ ಅಂಚಿನಲ್ಲಿ ಜನರು ನಡೆಯುವರಲ್ಲವೆ? ಹಳೆಯ ಕೊಳವೆ ಬಾಡಿಯ ಅಡಿಯಲ್ಲಿಯೇ, ಹಿಂದಿನ ಚಕ್ರವನ್ನು ದಾಟಿದ ಕೂಡಲೆ ಮುಗಿದಿತ್ತು. ಬಾಡಿಯ ಹಿಂದಿನ ಅಂಚನ್ನು ದಾಟಿ ನಾಲ್ಕು ಬೆರಳು ಹೊರಗೆ ಬರುವಂತೆ, ಬಲಗಡೆಗೆ ಓರೆಯಾಗಿ ಮಾಡಿಸಬೇಕೆಂದು ನಾನು ಹಟ ಹಿಡಿದೆನು. ಇನ್ನು ಜನರನ್ನು ಕೂರಿಸುವುದೇ ಇಲ್ಲವೆಂದ ಮೇಲೆ ಅಷ್ಟು ಉದ್ದವೇಕೆಂದು ಮಗನು ಕೇಳಿದನು. ಪೇಟೆಯಲ್ಲಿ ಇಂಜಿನು ನಿಲ್ಲಿಸದೆ ಚೀಲ ಇಳಿಸುವಾಗ ಬಾಡಿಯ ಮೇಲೆ ಬಗ್ಗಿ ನಿಲ್ಲುವ ಹಮಾಲರನ್ನು ಅವನಿಗೆ ನೆನಪಿಸಿದೆನು. ಸಾಹೇಬರು ಏನೂ ಹೇಳದೆ ಸೀಮೆಸುಣ್ಣದಿಂದ ನಾಲ್ಕು ಬೆರಳು ಅಳೆದು ಗುರುತು ಹಾಕಿದರು.

ಈಗ ಹೆಣ್ಣಾಳುಗಳು ಬಂದುಹೋಗುವುದಕ್ಕೆ ಬೇರೆ ಟೆಂಪೊ ಗೊತ್ತುಮಾಡಿದ್ದೇವೆ. ದಿನಕ್ಕೆ 600 ರೂಪಾಯಿ. ಪಕ್ಕದ ಹೊಲದವರು ನೀವು ನಮಗೂ ದಂಡ ಹಚ್ಚಿದಿರಿ ಎಂದು ಗೊಣಗುತ್ತಾರೆ. ಅವರ ಆಳುಗಳೂ ಕೇಳತೊಡಗಿದ್ದಾರಂತೆ. ಮನೆಯಲ್ಲಿಯೂ ಒಂದು ದೂರು ಉಂಟು. ಗಾಡಿ ಬಂದುದು ತಿಳಿಯದೆ ಚಹ ತಡವಾಗುತ್ತಿದೆ.

ಯುಗಾದಿಯ ಮರುದಿನ ಆ ಅಜ್ಜಿ ಕೂಲಿಯ ಲೆಕ್ಕಕ್ಕೆಂದು ಬಂದಾಗ ಹುಡುಗಿಯನ್ನೂ ಕರೆತಂದಿದ್ದಳು. ನಾವು ಜಗಲಿಯಲ್ಲಿ ಲೆಕ್ಕ ನೋಡುತ್ತಿರಲು, ಅದು ಪಿಕಪ್ಪಿನ ಹಿಂದೆ ಕುಕ್ಕುರುಗಾಲಿನಲ್ಲಿ ಕುಳಿತು, ಹೊಳೆಯುವ ಕೊಳವೆಯಲ್ಲಿ ತನ್ನ ಮುಖವು ಸೋರೆಕಾಯಿಯಂತೆ ಉದ್ದವಾಗಿ ಕಾಣುವುದನ್ನು ನೋಡಿ ನೋಡಿ ನಗುತ್ತಿದ್ದಿತು. ಇಂಜಿನು ನಿಂತು ಒಂದು ಗಂಟೆಯಾಗಿದ್ದಿತು. ಆದರೂ ನಾನು ಎದ್ದು ಹೋಗಿ ಕೊಳವೆ ಆರಿದೆಯೆ ಎಂದು ಮುಟ್ಟಿ ನೋಡಿ ಬಂದೆನು.